ಎಡಗಾಲಿನ ಅಳತೆ

ಜೂನ್ 8

ಅಪ್ಪನಿಗೆ,

ಬಂದು ಮೂರು ವಾರವಾದರೂ ಒಂದು ಸಾಲು ಬರೆದಿಲ್ಲ ಎಂದು ನೀನು ಅಮ್ಮನ ಮೇಲೆ ಸಿಡಿಮಿಡಿ ಮಾಡುತ್ತಿರುತ್ತೀಯ, ನನಗೆ ಗೊತ್ತು. ಮೊನ್ನೆ ಫೋನ್ ಮಾಡಿದೆನಲ್ಲ, ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ನಿಂತು ನಾನು ಕಿರುಚಿದ್ದೇ ಕಿರುಚಿದ್ದು. ಮೂರು ಮಹಡಿಯವರಿಗೂ ಕೇಳಿಸಿತು, ನಿನ್ನ ಕಿವಿಗೊಂದು ಬಿಟ್ಟು. ಇನ್ನು ಮೇಲೆ ಕಾಗದವೇ ಸರಿ.

ನನ್ನನ್ನು ಮೂಳೆ ವಾರ್ಡಿಗೆ ಹಾಕಿದ್ದಾರೆ. ಎರಡು ಸಾಲಿನಲ್ಲಿ ಇಪ್ಪತ್ತೆರಡು ಮಂಚ, ನಡುವೆ ಉದ್ದಕ್ಕೆ ಹಸಿರು ನೆಲ. ಔಷಧಿಯ ಕಪಾಟು ಒಂದು ತುದಿಗೆ, ಬಚ್ಚಲು ಇನ್ನೊಂದು ತುದಿಗೆ. ಕಟ್ಟಿಸಿದವನು ಯಾವತ್ತೂ ನರ್ಸಿನ ಕೆಲಸ ಮಾಡಿದವನಲ್ಲ ಎಂದು ಮೊದಲ ದಿನವೇ ತಿಳಿಯಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ನಡೆದದ್ದನ್ನೆಲ್ಲ ಕೂಡಿಸಿದರೆ ಊರಿಗೇ ಬಂದು ಹೋಗಬಹುದಿತ್ತು.

ಮೊದಲ ಆರು ತಿಂಗಳು ಪರೀಕ್ಷೆಯ ಮೇಲೆ. ನವೆಂಬರಿನಲ್ಲಿ ಡಾಕ್ಟರುಗಳ ಮುಂದೆ ದೇಹದ ತಪಾಸಣೆ, ಅದಕ್ಕೂ ಮೊದಲು ನಮ್ಮ ದೊಡ್ಡ ಸಿಸ್ಟರ್ ಪ್ರತಿಯೊಬ್ಬರ ಬಗ್ಗೆ ವರದಿ ಬರೆಯುತ್ತಾರೆ. ಎರಡೂ ಸರಿಹೋದರೆ ಕೆಲಸ ಖಾಯಂ, ಇಲ್ಲದಿದ್ದರೆ ಟ್ರಂಕು ಹೊತ್ತು ಮನೆಗೆ. ದೊಡ್ಡ ಸಿಸ್ಟರಿಗೆ ನಾವು ಇಟ್ಟಿರುವ ಹೆಸರು ಗಡಿಯಾರ. ಮಾತು ಕಡಿಮೆ, ಕಣ್ಣು ಮಾತ್ರ ಎಲ್ಲರ ನಡಿಗೆಯ ಮೇಲೆ. "ಓಡಬೇಡ, ತೆವಳಬೇಡ, ನಡಿ" ಎನ್ನುವುದು ಬಿಟ್ಟರೆ ಮೂರು ವಾರದಲ್ಲಿ ನನಗೆ ಬೇರೇನೂ ಹೇಳಿಲ್ಲ.

ಭಯಪಡಬೇಡ. ನಾಲ್ಕು ಜನರ ಕೋಣೆಯಲ್ಲಿ ಇದ್ದೇನೆ, ನನ್ನ ಎಡಗಾಲು ಒಂದು ಇಂಚು ಗಿಡ್ಡ ಎಂದು ಒಬ್ಬರಿಗೂ ಗೊತ್ತಾಗಿಲ್ಲ. ಬೇರೆಯವರು ಏಳುವ ಮೊದಲೇ ಎದ್ದು ಶೂ ಹಾಕಿಕೊಂಡುಬಿಡುತ್ತೇನೆ. ಆಸ್ಪತ್ರೆಯವರೂ ಕಂಡುಹಿಡಿದಿಲ್ಲ. ಎಲ್ಲ ನಿನ್ನ ಕೈಯ ಪುಣ್ಯ.

ಆದರೆ ನೀನು ಹೊಲಿದ ಆ ಶೂ ಜೋಡಿ ಸೋಲುತ್ತಿದೆ. ಎಡಗಡೆಯದು ಬೆರಳುಗಳ ಹತ್ತಿರ ಬಿರಿದಿದೆ, ಸಂಜೆ ಹೊತ್ತಿಗೆ ಕಾಲು ಊದಿ ಬಿಗಿಯಾಗುತ್ತದೆ. ಹೊಸದೊಂದು ಜೋಡಿ ಮಾಡಿ ಕಳಿಸುತ್ತೀಯಾ? ಎರಡೂ ಪಾದವನ್ನು ಕಾಗದದ ಮೇಲಿಟ್ಟು, ಸುತ್ತ ಗೀಟೆಳೆದು ಅಳತೆ ಬರೆದು ಇದರ ಜೊತೆ ಇಟ್ಟಿದ್ದೇನೆ. ಕೋಣೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಬರೆದೆ. ಅಮ್ಮನಿಗೆ ನಾನು ಚೆನ್ನಾಗಿ ಉಣ್ಣುತ್ತಿದ್ದೇನೆ ಎಂದು ಹೇಳು. ಪೂರ್ತಿ ನಿಜವಲ್ಲ, ಆದರೂ ಹೇಳು.

ನಿನ್ನ
ಮರಿ


ಜೂನ್ 21

ಮರಿಗೆ,

ಕಾಗದ ಬಂತು. ನಿಮ್ಮಮ್ಮ ಮೂರು ಸಲ ಓದಿಸಿಕೊಂಡಳು. ಮೂರನೆಯ ಸಲ ಓದುವಾಗ ಉಣ್ಣುವ ವಿಷಯ ಬಂದ ಕಡೆ ನನ್ನ ಮುಖ ನೋಡಿ, "ಅಲ್ಲೇನೋ ನುಂಗಿದ್ರಿ ನೀವು" ಅಂತ ಕಿವಿಗೆ ಬಾಯಿಟ್ಟು ಕೂಗಿದಳು. ನನ್ನ ಕಿವಿ ಹೋಗಿದೆ, ಅವಳ ಕಣ್ಣು ಹೋಗಿಲ್ಲ, ನೆನಪಿಟ್ಟುಕೊಂಡು ಬರಿ.

ಅಳತೆ ನೋಡಿದೆ. ನಿನ್ನ ಎಡಪಾದ ಇಳಿದುಹೋಗಿದೆ, ಬಲಪಾದ ಅಗಲವಾಗಿದೆ. ಎರಡು ಸಲ ನೋಡಿದೆ, ಅನುಮಾನ ಬಂತು. ಆಮೇಲೆ ಅಂದುಕೊಂಡೆ, ನಿಂತು ಮಾಡುವ ಕೆಲಸ, ಕಾಲು ಬದಲಾಗದೆ ಏನಾದೀತು? ಮನೆಯಲ್ಲಿದ್ದ ನಿನ್ನ ಮರದ ಅಚ್ಚುಗಳನ್ನು ತೆಗೆದು ಕಾಗದಕ್ಕೆ ಸರಿಯಾಗಿ ಎಡಗಡೆಯದನ್ನು ಅರದಿಂದ ಉಜ್ಜಿ ಸಣ್ಣ ಮಾಡಿದೆ, ಬಲಗಡೆಯದಕ್ಕೆ ಚರ್ಮದ ಪಟ್ಟಿ ಅಂಟಿಸಿ ದಪ್ಪ ಮಾಡಿದೆ. ಹೊಲಿಗೆ ಮುಗಿದಿದೆ. ನಾಳೆ ಪಾರ್ಸಲ್ ಹೋಗುತ್ತದೆ.

ಈ ಸಲ ಎಡಗಡೆ ಒಳಗೆ ಬೆಂಡನ್ನು ಮೂರು ಪದರವಾಗಿ ಕೂರಿಸಿದ್ದೇನೆ, ಹಿಮ್ಮಡಿಯಿಂದ ಬೆರಳಿನ ಕಡೆಗೆ ಇಳಿಜಾರು. ಬಲಗಡೆಯದರ ಅಟ್ಟೆ ಹೊರಗಿನಿಂದ ನೋಡಿದರೆ ಅಷ್ಟೇ ದಪ್ಪ, ಒಳಗೆ ಮಾತ್ರ ಕೊರೆದಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಪಕ್ಕದ ಕನ್ನಡಕದ ಅಂಗಡಿಯವನಿಗೆ ತೋರಿಸಿದೆ. ನಾಲ್ಕು ಗಾಜು ಬದಲಾಯಿಸಿ ನೋಡಿದ. "ಏನ್ ವ್ಯತ್ಯಾಸ ಇದೆ ಇದ್ರಲ್ಲಿ?" ಅಂದ. ಮಧ್ಯಾಹ್ನದ ಊಟ ಎರಡು ತುತ್ತು ಹೆಚ್ಚು ಹೋಯಿತು.

ಯಾರಿಗೂ ಹೇಳಬೇಡ. ಜನಕ್ಕೆ ಒಂದು ಹಿಡಿ ಸಿಕ್ಕಿದರೆ ಅದನ್ನು ಬಿಡುವುದಿಲ್ಲ. ನೀನು ಎಂಟು ವರ್ಷದವಳಿದ್ದಾಗ ಸ್ಕೂಲಿನ ಮಕ್ಕಳು ನಿನ್ನ ನಡಿಗೆ ಅಣಕಿಸಿ ತೋರಿಸಿದ ದಿನ ನಾನು ಗೇಟಿನ ಹತ್ತಿರವೇ ಇದ್ದೆ. ಆವತ್ತಿನಿಂದ ಹದಿನಾಲ್ಕು ವರ್ಷ, ಹದಿನೇಳು ಜೋಡಿ. ಒಂದು ಮಗುವೂ ಮತ್ತೆ ಅಣಕಿಸಿ ತೋರಿಸಲಿಲ್ಲ. ನಾನು ಮಾಡಿದ ದೊಡ್ಡ ಕೆಲಸ ಅದೊಂದೇ.

ಅಪ್ಪ


ಜುಲೈ 6

ಅಪ್ಪನಿಗೆ,

ಪಾರ್ಸಲ್ ತಲುಪಿತು. ಶೂ ತುಂಬ ಚೆನ್ನಾಗಿವೆ. ಹೇಳಿ ಮಾಡಿಸಿದ ಹಾಗಿವೆ. ಕೋಣೆಯ ಹುಡುಗಿಯರೆಲ್ಲ ಎಲ್ಲಿ ಕೊಂಡೆ ಎಂದು ಕೇಳಿದರು. ಕೆಲಸ ಬಹಳ ಇದೆ, ಆದ್ದರಿಂದ ಇಷ್ಟೇ. ನಾನು ಆರಾಮಾಗಿದ್ದೇನೆ, ನೀವಿಬ್ಬರೂ ಆರಾಮಾಗಿರಿ.

ಮರಿ


ಜುಲೈ 17

ಮರಿಗೆ,

ಹದಿನೇಳು ಜೋಡಿಯಲ್ಲಿ ಒಂದನ್ನಾದರೂ ನೀನು ಬೈಯದೆ ಹಾಕಿಕೊಂಡದ್ದುಂಟೇ? ಒಂದಕ್ಕೆ ಬಣ್ಣ ಸರಿಯಿಲ್ಲ, ಇನ್ನೊಂದಕ್ಕೆ ದಾರ ಕಾಣುತ್ತದೆ, ಮತ್ತೊಂದು ಮುದುಕಿಯರು ಹಾಕುವಂಥದ್ದು. ಈಗ ಹದಿನೆಂಟನೆಯದು ಬಂದ ಕೂಡಲೇ "ತುಂಬ ಚೆನ್ನಾಗಿವೆ"! ನಿಮ್ಮಮ್ಮನಿಗೆ ಓದಿ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ, "ಅವಳ ಕಾಲಿಗೆ ಏನೋ ಆಗಿದೆ" ಅಂದಳು.

ಏನಾಗಿದೆ, ಬರಿ. ಕೈ ತಪ್ಪಿದ್ದು ನನ್ನದಾದರೆ ಅದು ನನಗೆ ಗೊತ್ತಾಗಬೇಕು. ವಯಸ್ಸು ಐವತ್ತೆಂಟು. ಕಿವಿಯ ಹಿಂದೆ ಕಣ್ಣೂ ಹೊರಟಿದ್ದರೆ ನಾನು ಈ ಕೆಲಸ ಬಿಟ್ಟು ಬರೀ ಹರಿದದ್ದನ್ನು ಹೊಲಿದುಕೊಂಡು ಇರುತ್ತೇನೆ. ಬೇರೆಯವರ ಕಾಲು ಕೆಡಿಸುವುದು ಬೇಡ.

ಅಪ್ಪ


ಆಗಸ್ಟ್ 9

ಅಪ್ಪ,

ನಿನಗೆ ಬರೆಯಬೇಕೆಂದು ನಾಲ್ಕು ಸಲ ಕೂತೆ, ನಾಲ್ಕು ಸಲ ಎದ್ದೆ. ಇವತ್ತು ಬರೆದೇ ಏಳುತ್ತೇನೆ.

ಶೂ ಸರಿಯಾಗಿಲ್ಲ. ಎಡಗಡೆಯದು ಕಿರುಬೆರಳಿನ ಪಕ್ಕ ಕಚ್ಚುತ್ತದೆ, ಗುಳ್ಳೆ ಎದ್ದು ಒಡೆದು ಮತ್ತೆ ಎದ್ದಿದೆ. ಬಲಗಡೆಯದು ಸಡಿಲ, ಹಿಮ್ಮಡಿ ಜಾರುತ್ತದೆ. ಹಳೆಯ ಜೋಡಿಯ ಅಟ್ಟೆ ಕಿತ್ತುಹೋಗಿದೆ, ಆದ್ದರಿಂದ ಬೇರೆ ದಾರಿಯಿಲ್ಲ. ಒಂದು ತಿಂಗಳಿನಿಂದ ಹಲ್ಲು ಕಚ್ಚಿಕೊಂಡು ನಡೆಯುತ್ತಿದ್ದೇನೆ. ಹೋದ ವಾರ ದೊಡ್ಡ ಸಿಸ್ಟರ್ ಕರೆದು, "ಯಾಕೆ ಹೀಗೆ ನಡೀತಿದ್ದೀಯ?" ಎಂದರು. ಮೆಟ್ಟಿಲಲ್ಲಿ ಜಾರಿದೆ ಎಂದೆ. ಅವರು ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಇನ್ನೊಂದು ವಿಷಯ ಹೇಳಬೇಕು, ಅದಕ್ಕೇ ಇಷ್ಟು ದಿನ ತಡವಾದದ್ದು. ಏಳನೇ ಮಂಚದಲ್ಲಿ ಒಬ್ಬ ಲಾರಿ ಡ್ರೈವರ್ ಇದ್ದಾನೆ. ಅಪಘಾತವಾಗಿ ಮೂಳೆ ಕೂಡಿದ ಮೇಲೆ ಅವನ ಒಂದು ಕಾಲು ಗಿಡ್ಡವಾಗಿದೆ. ಆಸ್ಪತ್ರೆಯಿಂದ ದಪ್ಪ ಅಟ್ಟೆಯ ಶೂ ಕೊಟ್ಟರು. ಅದನ್ನು ನೋಡಿದವನೇ ಮಂಚದ ಕೆಳಗೆ ತಳ್ಳಿ, "ಕಾಲಿಗೆ ಇಟ್ಟಿಗೆ ಕಟ್ಕೊಂಡು ನಾನು ಬೀದೀಲಿ ಓಡಾಡಲ್ಲ" ಎಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ಎರಡು ವಾರ ನೆಲಕ್ಕೆ ಕಾಲೇ ಇಡಲಿಲ್ಲ. ಕಾಲು ಸೊರಗುತ್ತಿತ್ತು.

ಒಂದು ಮಧ್ಯಾಹ್ನ ಅವನಿಗೆ ಮಾತ್ರೆ ಕೊಟ್ಟು ಹೊರಟೆ. ಹಿಂದಿನಿಂದ ಕರೆದ. "ಸಿಸ್ಟರ್, ಇಪ್ಪತ್ತು ವರ್ಷ ಚಕ್ರದ ಸದ್ದು ಕೇಳಿದವನು ನಾನು. ನಿಮ್ಮ ಎರಡು ಹೆಜ್ಜೆಗೆ ಎರಡು ಥರ ಸದ್ದು ಬರ್ತಿದೆ." ಸುತ್ತ ನೋಡಿ ಪರದೆ ಎಳೆದು, ಎಡಗಾಲಿನ ಶೂ ಬಿಚ್ಚಿ ಅವನ ಕೈಗೆ ಕೊಟ್ಟೆ. ಒಳಗೆ ಬೆರಳು ಹಾಕಿ ಬೆಂಡು ಮುಟ್ಟಿ ನೋಡಿದ. ತಿರುಗಿಸಿ ನೋಡಿದ. ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿದ. "ಇದನ್ನ ಮಾಡಿದವನು ಮನುಷ್ಯನೇನಾ? ಯಾರು ಸಿಸ್ಟರ್ ಅವರು?" ಎಂದ.

ಅಪ್ಪ, ನಾನು "ಅಂಗಡಿಯಲ್ಲಿ ಕೊಂಡೆ" ಎಂದೆ.

ಬಾಯಿಗೆ ಬಂದುಬಿಟ್ಟಿತು. ಯಾಕೆ ಬಂತು ಎಂದರೆ, ಅಭ್ಯಾಸವಾಗಿದೆ. ಸೇರುವಾಗ ತುಂಬಿದ ಫಾರಂನಲ್ಲಿ ತಂದೆಯ ಉದ್ಯೋಗ ಎಂಬ ಕಡೆ "ವ್ಯಾಪಾರ" ಎಂದು ಬರೆದಿದ್ದೇನೆ. ಕೋಣೆಯ ಹುಡುಗಿಯರಿಗೂ ಅದನ್ನೇ ಹೇಳಿದ್ದೇನೆ. ಅವರ ಅಪ್ಪಂದಿರಲ್ಲಿ ಒಬ್ಬರು ಮೇಷ್ಟ್ರು, ಒಬ್ಬರು ಬ್ಯಾಂಕಿನವರು. ಲಾರಿ ಡ್ರೈವರ್ ಮಾತ್ರ ಮರುದಿನ ಆ ದಪ್ಪ ಶೂ ಹಾಕಿಕೊಂಡು ಬಾಗಿಲವರೆಗೆ ನಡೆದ. ಅವನು ನಡೆಯುವುದನ್ನು ನೋಡಿ ನನಗೆ ಅಳು ಬಂತು.

ನನ್ನನ್ನು ಬೈದು ಬರಿ.

ಮರಿ


ಆಗಸ್ಟ್ 22

ಮರಿಗೆ,

ಬೈಯುವುದಿಲ್ಲ. ಕಾಗದ ಓದಿದ ದಿನ ಅಂಗಡಿ ಬೇಗ ಮುಚ್ಚಿದೆ, ಅಷ್ಟೆ. ನೋವಾಗಲಿಲ್ಲ ಎಂದರೆ ಸುಳ್ಳು. ಆದರೆ ನಮ್ಮ ಕೆಲಸದ ಹೆಸರು ಕೇಳಿದ ಕೂಡಲೇ ಜನ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಳ್ಳುವುದನ್ನು ನಾನು ನಿನಗಿಂತ ಹೆಚ್ಚು ನೋಡಿದ್ದೇನೆ. ಅದೇ ಜನ ನನ್ನ ತೊಡೆಯ ಮೇಲೆ ಕಾಲಿಟ್ಟು ಅಳತೆ ಕೊಡುತ್ತಾರೆ. ನಿನ್ನ ಕಾಲು ಮುಚ್ಚಿಡು ಎಂದು ಕಲಿಸಿದವನೇ ನಾನು. ನೀನು ಇನ್ನೊಂದನ್ನೂ ಜೊತೆಗೆ ಮುಚ್ಚಿಟ್ಟೆ. ಇದರಲ್ಲಿ ನನ್ನ ಪಾಲೂ ಇದೆ.

ಈಗ ಶೂ ವಿಷಯ. ತಪ್ಪು ಎಲ್ಲಿ ಆಯಿತು ಎಂದು ಮೂರು ದಿನ ತಲೆ ಕೆಡಿಸಿಕೊಂಡೆ. ಆ ಕಾಗದವನ್ನು ಮತ್ತೆ ನೆಲದ ಮೇಲೆ ಹಾಸಿ ನೋಡುತ್ತಿದ್ದೆ. ನಿಮ್ಮಮ್ಮ ಕಸ ಗುಡಿಸುತ್ತಾ ಬಂದು, "ಇದನ್ನ ಬರೆದವರು ಯಾರು?" ಅಂತ ಕೂಗಿ ಕೇಳಿದಳು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ನೀನೇ ಬಗ್ಗಿ ಬರೆದೆಯಲ್ಲವೇ? ಯಾರೂ ಇಲ್ಲದಾಗ ಎಂದು ನೀನು ಬರೆದೇ ಇದ್ದೆ, ಕಣ್ಣಿದ್ದೂ ನಾನು ಓದಲಿಲ್ಲ!

ತಮ್ಮ ಪಾದದ ಅಳತೆಯನ್ನು ತಾವೇ ತೆಗೆಯಲು ಯಾರಿಂದಲೂ ಆಗುವುದಿಲ್ಲ ಮರಿ. ಎಡಪಾದ ಬರೆಯಲು ಬಗ್ಗಿದಾಗ ಮೈಯ ಭಾರವೆಲ್ಲ ಬಲಗಾಲಿಗೆ ಹೋಗುತ್ತದೆ. ಎಡಪಾದ ಹಗುರಾಗಿ ಸಣ್ಣಗಾಗುತ್ತದೆ. ಪೆನ್ಸಿಲ್ಲೂ ಒಳಕ್ಕೆ ವಾಲುತ್ತದೆ. ಬಲಪಾದ ಬರೆಯುವಾಗ ಗಿಡ್ಡ ಕಾಲಿನ ಮೇಲೆ ನಿಲ್ಲಲಾರದೆ ಅಲ್ಲೂ ಬಲಗಾಲಿನ ಮೇಲೇ ನಿಂತಿರುತ್ತೀಯ, ಅದು ಹಪ್ಪಳದಂತೆ ಹರಡಿರುತ್ತದೆ. ಆ ಸುಳ್ಳು ಅಳತೆ ನಂಬಿ ನಾನು ಒಳ್ಳೆಯ ಅಚ್ಚನ್ನು ಉಜ್ಜಿ ಹಾಳು ಮಾಡಿದೆ. ಈಗ ಹಳೆಯ ಅಳತೆಯೂ ನನ್ನ ಹತ್ತಿರವಿಲ್ಲ.

ನಾನು ಅಳತೆ ತೆಗೆಯುವಾಗ ಯಾವಾಗಲೂ ನಿನ್ನನ್ನು ಮಾತಿಗೆ ಎಳೆಯುತ್ತಿದ್ದೆ, ಗಮನಿಸಿದ್ದೀಯಾ? ಸ್ಕೂಲಿನಲ್ಲಿ ಏನಾಯಿತು, ಯಾರ ಜೊತೆ ಜಗಳ ಎಂದು. ನಿನಗೆ ಅದು ಹರಟೆ, ನನಗೆ ಕೆಲಸ. ಅಳತೆ ಕೊಡುವವರು ಕಾಲಿನ ಬಗ್ಗೆ ಯೋಚಿಸುತ್ತಿದ್ದರೆ ಕಾಲು ಸೆಟೆದುಕೊಳ್ಳುತ್ತದೆ. ಇಷ್ಟವಾದದ್ದನ್ನು ಮಾತಾಡುತ್ತಾ ಮರೆತಾಗ ಪಾದ ತನ್ನ ನಿಜವಾದ ಅಗಲಕ್ಕೆ ಕೂರುತ್ತದೆ. ಆಗ ಗೀಟು ಎಳೆಯಬೇಕು.

ಆದ್ದರಿಂದ ಬೇರೆ ಯಾರಾದರೂ ಬರೆಯಬೇಕು. ಎಡಗಾಲಿನ ಕೆಳಗೆ ಒಂದು ಇಂಚು ದಪ್ಪದ ಪುಸ್ತಕ, ಅದರ ಮೇಲೆ ಕಾಗದ. ಎರಡೂ ಕಾಲಿಗೆ ಸಮ ಭಾರ. ಪೆನ್ಸಿಲ್ ನೆಟ್ಟಗೆ. ಮಾತಾಡಿಸುತ್ತಾ ಬರೆಯಬೇಕು. ನಾನೇ ಬರಬಹುದು. ಆದರೆ ಬಂದರೆ ನಾನು ಯಾರು ಎಂದು ನೀನು ಹೇಳಬೇಕಾಗುತ್ತದೆ. ಬೇರೆಯವರಿಂದ ಬರೆಸಿದರೆ ಅವರಿಗೆ ಕಾಲು ತೋರಿಸಬೇಕಾಗುತ್ತದೆ. ಎರಡರಲ್ಲಿ ಯಾವುದು ಎಂದು ನಾನು ಹೇಳುವುದಿಲ್ಲ.

ಅಪ್ಪ


ಸೆಪ್ಟೆಂಬರ್ 28

ಅಪ್ಪನಿಗೆ,

ಈ ಲಕೋಟೆಯಲ್ಲಿ ಎರಡು ಅಳತೆ ಇವೆ. ಯಾರು ಬರೆದದ್ದು ಎಂದು ಊಹಿಸು ನೋಡೋಣ. ಆಗುವುದಿಲ್ಲ ಬಿಡು, ನಾನೇ ಹೇಳುತ್ತೇನೆ. ಗಡಿಯಾರ!

ಒಂದು ತಿಂಗಳು ನಿನ್ನ ಕಾಗದವನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ. ಕೋಣೆಯವರಿಗೆ ಹೇಳಲು ಬಾಯಿ ಬರಲಿಲ್ಲ. ಕೊನೆಗೆ ಹೋದ ಸೋಮವಾರ ಒಬ್ಬ ರೋಗಿಯನ್ನು ಮಂಚದಿಂದ ಗಾಲಿಕುರ್ಚಿಗೆ ಇಳಿಸುವಾಗ ನನ್ನ ಬಲ ಹಿಮ್ಮಡಿ ಜಾರಿತು. ಅವರು ಬೀಳಲಿಲ್ಲ, ನಾನು ಮಂಡಿಯೂರಿ ತಡೆದೆ. ಆದರೆ ಬೀಳಬಹುದಿತ್ತು. ಅವತ್ತು ನಾನೇ ದೊಡ್ಡ ಸಿಸ್ಟರ್ ಕೋಣೆಗೆ ಹೋಗಿ, ಬಾಗಿಲು ಹಾಕಿ, ಶೂ ಕಾಲುಚೀಲ ಎರಡೂ ಬಿಚ್ಚಿ ನಿಂತೆ. ಒಂದು ಕಡೆ ವಾಲಿಕೊಂಡು, ಹೇಗಿದ್ದೇನೋ ಹಾಗೆ.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮೆಟ್ಟಿಲಲ್ಲಿ ಜಾರಿದ್ದು ಅಂದ್ಯಲ್ಲ?"

"ಸುಳ್ಳು ಹೇಳಿದೆ ಸಿಸ್ಟರ್."

"ಅದು ನನಗೆ ಅವತ್ತೇ ಗೊತ್ತು. ಜಾರಿದವರು ಯಾವ ಮೆಟ್ಟಿಲು ಅಂತ ಹೇಳ್ತಾರೆ. ಈಗ ಏನು ಬೇಕು ನಿನಗೆ?"

ಜೇಬಿನಿಂದ ತೆಗೆದು ನಿನ್ನ ಕಾಗದವನ್ನೇ ಕೊಟ್ಟುಬಿಟ್ಟೆ. ಪೂರ್ತಿ ಓದಿದರು. ಕುರ್ಚಿ ಹಿಂದಕ್ಕೆ ಎಳೆಯುವ ಮಾತು ಇರುವ ಪುಟವನ್ನೂ ಓದಿದರು. ಆಮೇಲೆ ಎದ್ದು ಕಪಾಟಿನಿಂದ ಒಂದು ದಪ್ಪ ರಿಜಿಸ್ಟರ್ ತೆಗೆದು ಸ್ಕೇಲಿಟ್ಟು ಅಳೆದರು. ಒಂದು ಇಂಚಿಗೆ ಒಂಚೂರು ಕಡಿಮೆ ಇತ್ತು, ಮೇಲೊಂದು ಫೈಲು ಇಟ್ಟರು. ಸೀರೆ ಸಿಕ್ಕಿಸಿಕೊಂಡು ನೆಲದ ಮೇಲೆ ಮಂಡಿಯೂರಿದರು. ಅಪ್ಪ, ಅವರಿಗೆ ನಿನ್ನದೇ ವಯಸ್ಸು. ಅವರ ಮಂಡಿ ಲಟಲಟ ಎಂದಿತು. ನಾನು ಬೇಡ ಸಿಸ್ಟರ್ ಬೇಡ ಸಿಸ್ಟರ್ ಎಂದು ಹಿಂದೆ ಸರಿದರೆ, "ಅಲ್ಲಾಡಬೇಡ, ಗೀಟು ಕೆಡುತ್ತೆ" ಎಂದು ಗದರಿದರು.

"ಮಾತಾಡು."

"ಏನ್ ಮಾತಾಡ್ಲಿ?"

"ನಿಮ್ಮಪ್ಪನ ಬಗ್ಗೆ ಹೇಳು."

ನಿನ್ನ ಅಂಗಡಿ ಮೆಟ್ಟಿಲ ಕೆಳಗಿದೆ, ನೆಟ್ಟಗೆ ಎದ್ದರೆ ತಲೆ ಬಡಿಯುತ್ತದೆ ಎಂದೆ. ನೀನು ಚರ್ಮ ಕೊಯ್ಯುವಾಗ ಉಸಿರು ಹಿಡಿಯುತ್ತೀಯ ಎಂದೆ. ಸಿಟ್ಟು ಬಂದರೆ ಬಾಯಲ್ಲಿರುವ ಮೊಳೆ ಉಗುಳಿ ಬೈಯುತ್ತೀಯ, ಅಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ ಎಂದೆ. ಒಂದು ಕಾಲು ಕಳೆದುಕೊಂಡ ಒಬ್ಬರು ಒಂದೇ ಶೂ ಬೇಕು ಎಂದು ಬಂದಾಗ ನೀನು ಜೋಡಿಯನ್ನೇ ಮಾಡಿ, ಇನ್ನೊಂದನ್ನು ಅಂಗಡಿಯ ಗೂಡಿನಲ್ಲಿ ಇಟ್ಟು, "ಒಂಟಿ ಮಾಡೋಕೆ ನನ್ನ ಕೈ ಬರಲ್ಲ" ಎಂದದ್ದು ಹೇಳಿದೆ. ಮಾತು ನಿಂತಾಗ ನೋಡುತ್ತೇನೆ, ಅಳತೆ ಬರೆದು ಮುಗಿದು ಎಷ್ಟೋ ಹೊತ್ತಾಗಿದೆ. ಅವರು ಪೆನ್ಸಿಲ್ ಕೈಯಲ್ಲಿ ಹಿಡಿದು ನೆಲದ ಮೇಲೇ ಕೂತು ಕೇಳುತ್ತಿದ್ದರು.

ಆಮೇಲೆ ನೇರವಾಗಿ ಹೇಳಿದರು. ತಪಾಸಣೆಯ ಫಾರಂನಲ್ಲಿ ಕಾಲಿನ ವಿಷಯ ನಾನೇ ಬರೆಯಬೇಕಂತೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಅವರಿಂದಲೂ ಉಳಿಸಲು ಆಗುವುದಿಲ್ಲ. ಬರೆದರೆ ಡಾಕ್ಟರುಗಳು ನಡೆಸಿ ನೋಡುತ್ತಾರೆ, ರೋಗಿಯನ್ನು ಎತ್ತಿಸಿ ನೋಡುತ್ತಾರೆ. ಒಪ್ಪಬಹುದು, ಬಿಡಬಹುದು. "ನನ್ನ ವರದೀಲಿ ನಾನು ಕಂಡದ್ದು ಬರೀತೀನಿ. ಭರವಸೆ ಕೊಡಲ್ಲ" ಎಂದರು. ನಾನು ಬರೆದುಕೊಟ್ಟೆ ಅಪ್ಪ. ತಪಾಸಣೆ ನವೆಂಬರ್ ಹದಿನೆಂಟಕ್ಕೆ.

ಸೇರುವಾಗಿನ ಫಾರಂ ಕೂಡ ಕೇಳಿ ಈಸಿಕೊಂಡು "ವ್ಯಾಪಾರ" ಹೊಡೆದುಹಾಕಿದೆ.

ನಿನ್ನ
ಮರಿ


ಅಕ್ಟೋಬರ್ 11

ಮರಿಗೆ,

ಕಾಗದವನ್ನು ನಿಮ್ಮಮ್ಮನಿಗೆ ಓದಿ ಹೇಳಲು ನನ್ನಿಂದ ಆಗಲಿಲ್ಲ. ಕನ್ನಡಕದ ಅಂಗಡಿಯವನನ್ನು ಕರೆದು ಓದಿಸಿದೆ. ಅವನೂ ಅರ್ಧಕ್ಕೆ ನಿಲ್ಲಿಸಿ ಗಾಜು ಒರೆಸಿಕೊಂಡ. ಇಷ್ಟೂ ಜನ ಸೇರಿ ಒಂದು ಕಾಗದ ಓದಿ ಮುಗಿಸಿದೆವು.

ಆ ಸಿಸ್ಟರ್ ಎಳೆದ ಗೀಟು ನೋಡಿದೆ. ನಲವತ್ತು ವರ್ಷದಲ್ಲಿ ನನ್ನ ಕೈಯಲ್ಲೂ ಅಂಥ ಗೀಟು ಹತ್ತಿಪ್ಪತ್ತು ಬಂದಿರಬಹುದು. ಎಲ್ಲೂ ಕೈ ಎತ್ತಿಲ್ಲ, ಎಲ್ಲೂ ಒಳಕ್ಕೆ ವಾಲಿಲ್ಲ. ಇನ್ನೊಬ್ಬರ ಮೈಯನ್ನು ಮುಟ್ಟಲು ಬಲ್ಲವರ ಕೈ ಅದು. ಅವರಿಗೆ ನೀನು ಬೇರೆ ಹೆಸರು ಇಡು, ಗಡಿಯಾರ ಬೇಡ.

ನಿನ್ನ ಪಾದ ಇಳಿದಿಲ್ಲ ಮರಿ, ಬೆಳೆದಿದೆ. ನನ್ನ ಕೈಗೆ ನೆನಪಿರುವುದಕ್ಕಿಂತ ಎಡಗಡೆ ಕಾಲಿಂಚು ಅಗಲವಾಗಿದೆ, ಬೆರಳುಗಳು ಬಿಡಿಸಿಕೊಂಡು ನೆಲ ಹಿಡಿದಿವೆ. ದಿನವಿಡೀ ನಿಂತು ದುಡಿಯುವವರ ಪಾದ ಹೀಗಿರುತ್ತದೆ. ಇದನ್ನು ನೋಡಿ ನನಗೆ ಎಷ್ಟು ಹೆಮ್ಮೆಯಾಯಿತು ಎಂದು ಬರೆಯಲು ಬರುವುದಿಲ್ಲ. ಹಳೆಯ ಅಚ್ಚನ್ನು ಒಲೆಗೆ ಹಾಕಿ ಹೊಸ ಮರದಲ್ಲಿ ಕೆತ್ತುತ್ತಿದ್ದೇನೆ.

ಒಂದು ಮಾತು ಕೇಳಬೇಕು. ಕಾಲಿನ ವಿಷಯ ನೀನೇ ಬರೆದುಕೊಟ್ಟ ಮೇಲೆ ಒಳಗೆ ಬಚ್ಚಿಡುವುದು ಯಾಕೆ? ಅರ್ಧ ಇಂಚನ್ನು ಹೊರಗಡೆ ಅಟ್ಟೆಗೇ ಕೊಟ್ಟರೆ ಹಿಮ್ಮಡಿ ಆಳಕ್ಕೆ ಕೂರುತ್ತದೆ, ಎಷ್ಟು ಭಾರ ಎತ್ತಿದರೂ ಜಾರುವುದಿಲ್ಲ. ಆದರೆ ಕಾಣುತ್ತದೆ. ನೀನು ಹೂಂ ಅಂದರೆ ಹಾಗೆ ಮಾಡುತ್ತೇನೆ.

ಈ ಸಲ ಪಾರ್ಸಲ್ ಬೇಡ, ಹಾಕಿ ನೋಡಿ ತಿದ್ದಬೇಕು, ನಾನೇ ತರುತ್ತೇನೆ. ಗೇಟಿನ ಹತ್ತಿರ ನಿಂತಿರುತ್ತೇನೆ. ನೀನು ಬಿಡುವು ಮಾಡಿಕೊಂಡು ಬಾ. ಯಾರಾದರೂ ಕೇಳಿದರೆ ಊರಿನಿಂದ ಸಾಮಾನು ತಂದವರು ಎಂದುಬಿಡು, ನನಗೆ ಬೇಜಾರಿಲ್ಲ.

ಅಪ್ಪ


ಅಕ್ಟೋಬರ್ 20

ಅಪ್ಪನಿಗೆ,

ಹೂಂ. ಹೊರಗಡೆಗೇ ಕೊಡು. ಕಾಣಲಿ.

ಗೇಟಿನ ಹತ್ತಿರ ನಿಂತರೆ ನಾನು ಬರುವುದಿಲ್ಲ. ತಪಾಸಣೆಯ ದಿನ ಬೆಳಿಗ್ಗೆ ನೇರ ಎರಡನೇ ಮಹಡಿಯ ಮೂಳೆ ವಾರ್ಡಿಗೆ ಬಾ. ತಿದ್ದುವುದಕ್ಕೆ ಸಾಮಾನಿನ ಪೆಟ್ಟಿಗೆ ತಾ, ಚೀಲದಲ್ಲಿ ಮುಚ್ಚಿಕೊಂಡು ಅಲ್ಲ, ಕೈಯಲ್ಲಿ ಹಿಡಿದುಕೊಂಡು.

ಮರಿ


ನವೆಂಬರ್ 20

ಅಪ್ಪನಿಗೆ,

ನಿನ್ನ ಬಸ್ಸು ಹೊರಟ ಮೇಲೆ ಅನ್ನಿಸಿತು, ಮೊನ್ನೆ ನಿನಗೆ ಏನೂ ಗೊತ್ತೇ ಆಗಿಲ್ಲ. ಕೆಲಸ ಉಳಿಯಿತು ಎಂದು ನಾನು ಕೈಸನ್ನೆ ಮಾಡಿ ಹೇಳಿದ್ದು ಬಿಟ್ಟರೆ ಇನ್ನೇನು ಕೇಳಿಸಿತು ನಿನಗೆ? ಆ ಮೊಗಸಾಲೆಯಲ್ಲಿ ಕೂಗಿ ಹೇಳುವ ಹಾಗೂ ಇರಲಿಲ್ಲ. ಎಲ್ಲ ಬರೆಯುತ್ತೇನೆ, ನಿಧಾನವಾಗಿ ಓದು.

ಬೆಳಿಗ್ಗೆ ನೀನು ಬೆಂಚಿನ ಮೇಲೆ ಕೂತು, ನನ್ನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಲೇಸು ಬಿಗಿಯುವಾಗ ನಾಲ್ಕೂ ಕಡೆ ನೋಡುತ್ತಿದ್ದೆಯಲ್ಲ, "ಕಾಲು ತೆಗಿ, ಜನ ನೋಡ್ತಿದ್ದಾರೆ" ಎಂದು ನಾಲ್ಕು ಸಲ ಅಂದೆಯಲ್ಲ, ಆಗ ನನ್ನ ಕೋಣೆಯ ಮೂವರೂ ಅಲ್ಲೇ ನಿಂತಿದ್ದರು. ಮೇಷ್ಟ್ರ ಮಗಳು ನನ್ನ ಹತ್ತಿರ ಬಂದು, "ನಮ್ಮಪ್ಪ ನನ್ನ ಕಾಲು ಮುಟ್ಟಿದ್ದು ನನಗೆ ನೆನಪೇ ಇಲ್ಲ ಕಣೇ" ಎಂದಳು. ನೀನು ಅವಳಿಗೆ "ಚೆನ್ನಾಗಿದೀಯಾ ತಾಯಿ?" ಎಂದು ಉತ್ತರ ಕೊಟ್ಟೆ!

ಒಳಗೆ ಮೂರು ಜನ ಡಾಕ್ಟರು ಇದ್ದರು. ನಡುವೆ ಕೂತ ದೊಡ್ಡ ಡಾಕ್ಟರು ಫಾರಂ ನೋಡಿ, "ಒಂದು ಇಂಚು ಕಡಿಮೆ ಇರೋ ಕಾಲಲ್ಲಿ ಇಲ್ಲಿ ಕೆಲಸ ಹೇಗಮ್ಮಾ?" ಎಂದರು. ಮೊದಲು ಶೂ ಬಿಚ್ಚಿಸಿ ಬರಿಗಾಲಲ್ಲಿ ನಡೆಸಿದರು. ಹದಿನಾಲ್ಕು ವರ್ಷದಲ್ಲಿ ಮನೆಯ ಹೊರಗೆ ಮೊದಲ ಸಲ ನನ್ನ ನಡಿಗೆಯನ್ನು ನಾನು ನಡೆದೆ. ಯಾರೂ ನಗಲಿಲ್ಲ. ಆಮೇಲೆ ಹೊಸ ಶೂ ಹಾಕಿಕೊಂಡು ನಡೆದೆ. ಒಬ್ಬ ದಪ್ಪನೆಯ ಮನುಷ್ಯನನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಎರಡು ಸಲ ಇಳಿಸಿ ಏರಿಸಿದೆ. ಹಿಮ್ಮಡಿ ಒಂದು ಕೂದಲೆಳೆ ಅಲ್ಲಾಡಲಿಲ್ಲ ಅಪ್ಪ. ನಾನು ಕಾಲಿನ ವಿಷಯವನ್ನೇ ಮರೆತಿದ್ದೆ.

ಆಮೇಲೆ ಡಾಕ್ಟರು ದೊಡ್ಡ ಸಿಸ್ಟರ್ ಬರೆದ ವರದಿಯನ್ನು ಓದಿದರು. ಮೂರೇ ಸಾಲು: "ಮೊದಲು ಸುಳ್ಳು ಹೇಳಿದಳು. ಆಮೇಲೆ ಯಾರೂ ಕೇಳದೆ ತಾನೇ ಬಂದು ನಿಜ ಹೇಳಿದಳು. ನನ್ನ ವಾರ್ಡಿಗೆ ಇವಳು ಬೇಕು."

ದೊಡ್ಡ ಡಾಕ್ಟರು ನನ್ನ ಎಡಗಡೆಯ ಶೂ ಕೇಳಿ ಈಸಿಕೊಂಡರು. ಮೇಜಿನ ಮೇಲೆ, ಕಾಗದಪತ್ರಗಳ ನಡುವೆಯೇ ಇಟ್ಟರು. ಅದರ ಒಳಗೆ ಕೈ ಹಾಕಿ ಮೂಲೆಮೂಲೆ ಮುಟ್ಟಿ ನೋಡಿದರು. ಪಕ್ಕದವರಿಗೆ ಕೊಟ್ಟರು, ಅವರೂ ಹಾಗೇ ಮಾಡಿದರು. "ನಾವು ಕೊಡೋದು ಇದರ ಕಾಲು ಭಾಗಕ್ಕೂ ಬರಲ್ಲ" ಎಂದು ಒಬ್ಬರು ಅಂದರು. ಅದು ಆದ ಮೇಲೇ ದೊಡ್ಡ ಡಾಕ್ಟರು ಎದ್ದು ಹೊರಗೆ ನಿನ್ನ ಹತ್ತಿರ ಬಂದದ್ದು. ನಿನ್ನ ಮುಂದೆ ನಿಂತು ಏನೋ ಹೇಳಿದರಲ್ಲ, ನೀನು ಎದ್ದು ನಿಂತು ಆಗಲಿ ಆಗಲಿ ಎಂದು ತಲೆಯಾಡಿಸಿದೆಯಲ್ಲ, ಅವರು ಕೇಳಿದ್ದು ಇದು: "ತಿಂಗಳಿಗೆ ಎರಡು ದಿನ ಬಂದು ನಮ್ಮ ರೋಗಿಗಳ ಅಳತೆ ತೆಗೆದು, ಇಲ್ಲಿಯವರಿಗೂ ಕಲಿಸಿ ಕೊಡ್ತೀರಾ?" ಈಗ ಮಾತು ತಪ್ಪುವ ಹಾಗಿಲ್ಲ. ಲಾರಿ ಡ್ರೈವರ್ ಊರಿಗೆ ಹೋಗಿದ್ದವನು ಸುದ್ದಿ ಕೇಳಿ ಆಗಲೇ ತನ್ನ ಹೆಸರು ಮೊದಲು ಬರೆಸಿದ್ದಾನೆ. ಅಮ್ಮನನ್ನೂ ಕರೆದುಕೊಂಡು ಬಾ.

ಆದರೆ ನಾನು ಇಷ್ಟುದ್ದ ಬರೆಯಲು ಕೂತದ್ದು ಇದ್ಯಾವುದಕ್ಕೂ ಅಲ್ಲ. ದೊಡ್ಡ ಡಾಕ್ಟರು ಹೊರಗೆ ಬರುವ ಮೊದಲು ಒಳಗೆ ನನ್ನನ್ನು ಒಂದು ಪ್ರಶ್ನೆ ಕೇಳಿದರು. ಶೂ ಕೈಯಲ್ಲಿ ಹಿಡಿದು, "ಇದನ್ನ ಯಾರು ಮಾಡಿದ್ದು?" ಎಂದರು. ಬಾಗಿಲು ತೆರೆದಿತ್ತು. ಮೊಗಸಾಲೆಯಲ್ಲಿ ವಾರ್ಡಿನ ಅರ್ಧ ಜನ ನಿಂತಿದ್ದರು, ನೀನು ಬೆಂಚಿನ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದೆ.

ನಾನು ಹೇಳಿದೆ: "ನಮ್ಮಪ್ಪ. ಅವರು ಶೂ, ಚಪ್ಪಲಿ ಹೊಲೀತಾರೆ. ಅಲ್ಲಿ ಕೂತಿದ್ದಾರಲ್ಲ, ಅವರೇ."

ಗಟ್ಟಿಯಾಗಿ ಹೇಳಿದೆ ಅಪ್ಪ. ಎಷ್ಟು ಗಟ್ಟಿಯಾಗಿ ಎಂದರೆ ಎಲ್ಲರೂ ತಿರುಗಿ ನಿನ್ನನ್ನು ನೋಡಿದರು. ನಿನಗೊಬ್ಬನಿಗೆ ಕೇಳಿಸಲಿಲ್ಲ.

ನಿನ್ನ ಮಗಳು